ವಾಷಿಂಗ್ ಮೆಷಿನ್ ಕೆಳಗಿನ ಪಾತಾಳ

ನಮ್ಮ ಹಿತ್ತಲಿನ ವಾಷಿಂಗ್ ಮೆಷಿನ್ ಬಟ್ಟೆ ಹಿಂಡುವಾಗ ಒಂದು ಸದ್ದು ಬರುತ್ತಿತ್ತು. ಮೆಷಿನ್ನಿನದಲ್ಲ, ಅದರ ಕೆಳಗಿನದು. ಯಾರೋ ದೊಡ್ಡ ಹಂಡೆಯೊಳಗೆ ತಲೆ ಹಾಕಿಕೊಂಡು ‘ಗುಂ’ ಅಂದ ಹಾಗೆ. ರಿಪೇರಿಗೆ ಬಂದ ಹುಡುಗ ಎರಡು ಸಲ ಮೆಷಿನ್ನಿನ ಕಾಲಿಗೆ ರಬ್ಬರ್ ಬದಲಾಯಿಸಿ ದುಡ್ಡು ಇಸಿದುಕೊಂಡು ಹೋದ. ಮೂರನೇ ಸಲ ಅವನಿಗೆ ಫೋನ್ ಮಾಡುತ್ತಿದ್ದಾಗ ಅಮ್ಮ ಅಡುಗೆಮನೆಯಿಂದಲೇ ಅಂದಳು: “ಅದು ಮೆಷಿನ್ ಅಲ್ವೋ, ಬಾವಿ. ಬಾಯಿ ಕಟ್ಟಿದ್ರೂ ಗಂಟಲು ಇರತ್ತಲ್ಲ.”

ಬಾವಿ ಇದ್ದದ್ದು ನನಗೇನೂ ಹೊಸ ಸಂಗತಿಯಲ್ಲ. ನನ್ನ ಹದಿನಾರನೇ ವಯಸ್ಸಿನವರೆಗೆ ಅದರಲ್ಲೇ ನೀರು ಸೇದಿದ್ದೇನೆ. ಮಲ್ಲೇಶ್ವರದ ಹಳೇ ಮನೆಗಳಲ್ಲಿ ಹಿತ್ತಲಿಗೊಂದು ಬಾವಿ, ಪಕ್ಕದಲ್ಲೊಂದು ಒಗೆಯೋ ಕಲ್ಲು, ಒಂದು ತೆಂಗಿನ ಮರ ಅಂದರೆ ಮಾಮೂಲು. ಹೆಸರಘಟ್ಟದ ನಲ್ಲಿ ನೀರು ಬೆಂಗಳೂರಿಗೆ ಬಂದದ್ದು 1896ರಲ್ಲಿ, ಕಾವೇರಿ ಬಂದದ್ದು 1974ರಲ್ಲಿ. ನಲ್ಲಿ ಬಂದ ಮೇಲೂ ನಮ್ಮ ಬೀದಿಯಲ್ಲಿ ಬಹಳ ದಿನ ಬಾವಿಯ ರಾಟೆ ಕಿರುಗುಟ್ಟುತ್ತಲೇ ಇತ್ತು. ನಾನು ಹುಟ್ಟಿದ ಮೇಲೆ ಬಾಣಂತಿ ಅಮ್ಮ ಗಂಗೆಪೂಜೆ ಮಾಡಿದ್ದೂ ಇದೇ ಬಾವಿಗೆ. 1988ರಲ್ಲಿ ಅಪ್ಪ ಬಚ್ಚಲುಮನೆ ಕೆಡವಿ ಹೊಸದಾಗಿ ಕಟ್ಟಿಸಿದರು. ಕೆಡವಿದ ಇಟ್ಟಿಗೆ, ಗಾರೆ, ಹಂಡೆಒಲೆಯ ಚೂರು ಎಲ್ಲಿ ಹಾಕೋದು? ಬಾವಿಗೆ. ಮೇಲೆ ಕಾಂಕ್ರೀಟ್ ಮುಚ್ಚಿ, “ಇನ್ನು ಮಕ್ಕಳು ಬೀಳೋ ಭಯ ಇಲ್ಲ” ಅಂದರು. ಆ ಚಪ್ಪಡಿ ಮೇಲೆ ಮೊದಲು ಸೈಕಲ್ ನಿಂತಿತ್ತು, ಆಮೇಲೆ ಗ್ಯಾಸ್ ಸಿಲಿಂಡರ್, ಆಮೇಲೆ ಮೆಷಿನ್.

ಚಿಕ್ಕವನಿದ್ದಾಗ ಅಜ್ಜಿ ಹೆದರಿಸುತ್ತಿದ್ದಳು. ಬಾವಿಯಲ್ಲಿ ಏಳು ಜನ ಅಕ್ಕಮ್ಮಂದಿರಿದ್ದಾರೆ, ಮಧ್ಯಾಹ್ನದ ಉರಿಬಿಸಿಲಲ್ಲಿ ಬಗ್ಗಿ ನೋಡಿದರೆ ಕರೆದುಕೊಂಡು ಹೋಗಿಬಿಡುತ್ತಾರೆ ಅಂತ. ನಾನು ಬಗ್ಗಿ “ಇದ್ದೀರೇನ್ರೇ?” ಅಂತ ಕೂಗುತ್ತಿದ್ದೆ. “ರೇ...” ಅಂತ ಉತ್ತರ ಬರುತ್ತಿತ್ತು. ಒಂದೇ ಓಟ.

ನಮ್ಮ ಊರಿನ ನೆಲ ಅಂಥದ್ದೇ ಅನ್ನಿ. 1997ರಲ್ಲಿ ಗಂಗಮ್ಮನ ಗುಡಿಯ ಎದುರು ಮಣ್ಣು ತೆಗೆದಾಗ ಕಲ್ಯಾಣಿ ಸಮೇತ ಒಂದು ಇಡೀ ದೇವಸ್ಥಾನವೇ ಹೊರಬಿತ್ತು. ಈಗ ಅದನ್ನು ನಂದಿತೀರ್ಥ ಅಂತಾರೆ. ದಕ್ಷಿಣಕ್ಕೆ ಮುಖ ಮಾಡಿದ ನಂದಿಯ ಬಾಯಿಂದ ನೀರು, ಕೆಳಗಿರುವ ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ. ನಾನಾಗ ಇಪ್ಪತ್ತೈದರ ಹುಡುಗ, ಜನದ ಜೊತೆ ನೋಡಲು ಹೋಗಿದ್ದೆ. ಮೇಲೆ ಅಷ್ಟು ದಿನ ಬರೀ ಖಾಲಿ ಜಾಗ ಅಂದುಕೊಂಡು ಓಡಾಡಿದ್ದೆವು, ಕೆಳಗೆ ನಂದಿ ಕೂತೇ ಇದ್ದ. ಮೂಗಿನ ಮೇಲೆ ಬೆರಳಿಟ್ಟುಕೊಂಡು ಮನೆಗೆ ಬಂದೆ. ಬಂದವನು ನಮ್ಮ ಹಿತ್ತಲಿನ ಚಪ್ಪಡಿ ಮೇಲೇ ಸೈಕಲ್ ನಿಲ್ಲಿಸಿದೆ. ಒಂದಕ್ಕೊಂದು ಸಂಬಂಧ ಹೊಳೆಯಲಿಲ್ಲ.

ಹೊಳೆದದ್ದು 2024ರ ಬೇಸಿಗೆಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಾರ್ಚ್ ಹೊತ್ತಿಗೆ ಕುಡಿಯೋ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಆದೇಶ ಬಂತು. ಟ್ಯಾಂಕರಿಗೆ ಸರ್ಕಾರವೇ ದರ ಕಟ್ಟಿತು. ಟ್ಯಾಂಕರಿನವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಏಪ್ರಿಲ್ ಇಡೀ ನಗರದಲ್ಲಿ ಲೆಕ್ಕಕ್ಕೆ ಸಿಕ್ಕುವಂಥ ಮಳೆ ಒಂದು ಹನಿಯೂ ಇಲ್ಲ. ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಮಾಡಿ ಮೇಲೆ ತರುವ ಕಾವೇರಿ ನೀರಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದೇವೆ, ಕಾಲ ಕೆಳಗೆ ಬಾವಿ ‘ಗುಂ’ ಅನ್ನುತ್ತಿದೆ. ಒಂದು ಭಾನುವಾರ ಹೆಂಡತಿಗೆ ಹೇಳಿದೆ, “ತೆಗೆಸಿಬಿಡೋಣ.” “ರೀ, ಮೆಷಿನ್ ಎಲ್ಲಿಡ್ತೀರಿ?” ಅಂದಳು. ಅದೊಂದೇ ಅವಳ ಆಕ್ಷೇಪಣೆ.

ಆಫೀಸಿನ ಗೆಳೆಯನೊಬ್ಬ ಬಾವಿ ತೋಡುವವರ ನಂಬರ್ ಕೊಟ್ಟ. ಸರ್ಜಾಪುರದ ಕಡೆಯ ಭೋವಿಪಾಳ್ಯದವರು, ತಲೆತಲಾಂತರದಿಂದ ಇದೇ ಕಸುಬು. ದಾಖಲೆಗಳಲ್ಲಿ ಭೋವಿ, ತಮ್ಮ ಬಾಯಲ್ಲಿ ‘ಮಣ್ಣೊಡ್ಡರು’. ಮೇಸ್ತ್ರಿಗೆ ಅರವತ್ತರ ಹತ್ತಿರ, ಜೊತೆಗೆ ಮಗ, ಅಳಿಯ, ಇನ್ನೊಬ್ಬ ಹುಡುಗ. ನನ್ನ ಜೊತೆ ಕನ್ನಡ, ತಮ್ಮತಮ್ಮಲ್ಲಿ ಅವರದೇ ಒಂದು ತೆಲುಗು. ಬಂದವರು ಮೊದಲು ಬಾವಿ ನೋಡಲಿಲ್ಲ. ಬೀದಿಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ನಡೆದು, ಯಾರ ಮನೆಯಲ್ಲಿ ಬಾವಿ ಇದೆ, ಯಾರ ಮನೆಯಲ್ಲಿ ಬೋರು, ಮೋರಿ ಯಾವ ಕಡೆ ಹರಿಯುತ್ತದೆ ಅಂತ ವಿಚಾರಿಸಿಕೊಂಡು ಬಂದರು. ಎದುರುಮನೆಯವರು, ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ನೀರು ನೋಡುವವರೊಬ್ಬರಿದ್ದಾರೆ, ಕರೆಸಲಾ ಅಂತ ಕೇಳಿದರು. ಮೇಸ್ತ್ರಿ ನಕ್ಕುಬಿಟ್ಟ. “ಇರೋ ಬಾವಿಲಿ ನೀರು ಹುಡುಕೋಕೆ ಕಾಯಿ ಯಾಕೆ ಸಾರ್? ಅಮ್ಮಾರಿಗೆ ಕೊಡಿ, ಚಟ್ನಿ ಆಗ್ತದೆ.”

ಚಪ್ಪಡಿ ಒಡೆಯಲು ಅರ್ಧ ದಿನ ಹಿಡಿಯಿತು. ಮೊದಲ ತೂತು ಬಿದ್ದಾಗ ಒಳಗಿಂದ ಬಂದದ್ದು ನಾತವಲ್ಲ, ತಣ್ಣನೆಯ ಒಂದು ಉಸಿರು. ಹಳೇ ಪೆಟ್ಟಿಗೆ ತೆಗೆದಾಗ ಬರುತ್ತದಲ್ಲ, ಅಂಥ ವಾಸನೆ. ಮೂವತ್ತಾರು ವರ್ಷದ ಹಿಂದಿನ ನಮ್ಮ ಹಿತ್ತಲಿನ ಗಾಳಿ ಅದು ಅಂತ ನನಗನ್ನಿಸಿತು. ಮೇಸ್ತ್ರಿಗೆ ಅಂಥದ್ದೇನೂ ಅನ್ನಿಸಲಿಲ್ಲ. “ಯಾರೂ ಬಗ್ಗಬೇಡಿ” ಅಂದ. ಒಂದು ಕಲ್ಲು ಹಾಕಿದ. ‘ಗುಳುಂ’ ಅನ್ನಲಿಲ್ಲ, ‘ದಬ್’ ಅಂತು. ನನ್ನ ಮುಖ ಚಿಕ್ಕದಾಯಿತು.

ಹಗ್ಗಕ್ಕೆ ತಂತಿ ಬುಟ್ಟಿ ಕಟ್ಟಿ, ಅದರಲ್ಲೊಂದು ಹಣತೆ ಇಟ್ಟು ಇಳಿಬಿಟ್ಟ. ಐದಡಿ, ಎಂಟಡಿ. ಬೆಳಕಿನಲ್ಲಿ ಸುತ್ತಿನ ಕಲ್ಲುಕಟ್ಟಡ ಒಂದೊಂದೇ ವರಸೆ ಕಾಣುತ್ತ ಇಳಿಯಿತು. ಹನ್ನೆರಡಡಿ ಹತ್ತಿರ ಜ್ವಾಲೆ ಬಡಕಲಾಯಿತು, ನೀಲಿಗೆ ತಿರುಗಿತು, ಯಾರೋ ಎರಡು ಬೆರಳಲ್ಲಿ ಚಿವುಟಿದ ಹಾಗೆ ಆರಿಹೋಯಿತು. ಗಾಳಿ ಬೀಸಿರಲಿಲ್ಲ. ಹೊಗೆ ಮೇಲಕ್ಕೆ ಬರಲಿಲ್ಲ, ಅಲ್ಲೇ ಒಂದು ತೆಳು ಚಾಪೆಯ ಹಾಗೆ ಹರಡಿಕೊಂಡಿತು. ಅಲ್ಲಿಂದ ಕೆಳಗೆ ಬೇರೆ ರಾಜ್ಯ.

“ಕೆಟ್ಟ ಗಾಳಿ” ಅಂದ ಮೇಸ್ತ್ರಿ. ಮುಚ್ಚಿದ ಬಾವಿಯಲ್ಲಿ ಕೊಳೆಯುವ ಕಸ ಆಮ್ಲಜನಕವನ್ನು ತಿಂದುಹಾಕುತ್ತದೆ. ಇಂಗಾಲದ ಡೈಆಕ್ಸೈಡ್ ಭಾರ, ತಳದಲ್ಲಿ ನೀರಿನ ಹಾಗೇ ತುಂಬಿಕೊಂಡಿರುತ್ತದೆ. ಇಳಿದವನಿಗೆ ಕೂಗಲೂ ಪುರಸೊತ್ತಿರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಹೋಗುತ್ತಾನೆ, ಪೇಪರಿನಲ್ಲಿ ಪ್ರತಿ ಬೇಸಿಗೆ ಓದುತ್ತೇವಲ್ಲ ಆ ಸುದ್ದಿ. ಎರಡು ದಿನ ಬಾಯಿ ತೆಗೆದೇ ಬಿಟ್ಟರು. ಬೇವಿನ ಸೊಪ್ಪಿನ ದೊಡ್ಡ ಕಂತೆ ಹಗ್ಗಕ್ಕೆ ಕಟ್ಟಿ, ಮೊಸರು ಕಡೆಯುವ ಹಾಗೆ ಮೇಲಕ್ಕೂ ಕೆಳಕ್ಕೂ ಎಳೆದಾಡಿದರು. ಬ್ಲೋವರ್ ತಂದು ಪೈಪು ತಳದವರೆಗೆ ಬಿಟ್ಟರು. ಬಕೆಟ್ಟುಗಟ್ಟಲೆ ನೀರನ್ನು ಮೇಲಿಂದ ಚಿಮುಕಿಸಿದರು. ಮೂರನೇ ದಿನ ದೀಪ ತಳ ಮುಟ್ಟಿಯೂ ಉರಿಯಿತು. ಆಗಲೂ ಅರ್ಧ ಗಂಟೆ ಕಾದು, ಸೊಂಟಕ್ಕೆ ಹಗ್ಗ ಬಿಗಿದು, ಮಗನನ್ನು ಇಳಿಸಿದ. ಮೇಲೆ ಹಗ್ಗ ಹಿಡಿದವನು ತಾನೇ; ಅಳಿಯನ ಕೈಗೂ ಕೊಡಲಿಲ್ಲ. (ಮೋರಿಯ ಪಸೆ ಸೇರುವ ಬಾವಿಗೆ ಉರಿಯೋ ದೀಪ ಇಳಿಸುವುದೇ ಅಪಾಯ, ಹೊತ್ತಿಕೊಳ್ಳುವ ಗಾಳಿಯೂ ಇರಬಹುದು ಅಂತ ನನಗೆ ಆಮೇಲೆ ತಿಳಿಯಿತು. ಈಗಾದರೆ ಗ್ಯಾಸ್ ಅಳೆಯುವ ಮೀಟರ್ ಇಲ್ಲದೆ ಯಾರನ್ನೂ ಇಳಿಯಗೊಡುವುದಿಲ್ಲ. ದೀಪ ಉರಿದರೆ ಎಲ್ಲ ಸರಿ ಎಂದರ್ಥವಲ್ಲ.)

ಮುಂದಿನ ಐದು ದಿನ ಬರೀ ಎತ್ತುವುದು. ನಮ್ಮ ಮನೆಯ ಚರಿತ್ರೆ ತಲೆಕೆಳಗಾಗಿ ಬುಟ್ಟಿ ಬುಟ್ಟಿಯಾಗಿ ಮೇಲೆ ಬಂತು. ಮೊದಲು ಅಪ್ಪನ ಬಚ್ಚಲುಮನೆ: ಕೆಂಪು ಇಟ್ಟಿಗೆ, ಹಸಿರು ರೆಡ್‌ಆಕ್ಸೈಡ್ ನೆಲದ ತುಂಡು. ‘ಹಸಿರು ರೆಡ್‌ಆಕ್ಸೈಡ್’ ಅಂದರೆ ನಗಬೇಡಿ, ನಮ್ಮ ಮನೆಯಲ್ಲಿ ಹಾಗೇ ಅನ್ನುವುದು. ಅದರ ಕೆಳಗೆ ಕಪ್ಪು ಹೂಳು. ಹೂಳಿನಲ್ಲಿ ತಳ ಹೋದ ಬಕೆಟ್ಟು, ರಬ್ಬರ್ ಚೆಂಡು ಮೂರು, ನಾನು ಬಿಸಾಕಿ ತಮ್ಮನ ಮೇಲೆ ಹೇಳಿದ್ದ ಜಾಮಿಟ್ರಿ ಬಾಕ್ಸ್. ಹದಿನಾಲ್ಕಡಿ ತೆಗೆದ ಮೇಲೆ ಮೇಸ್ತ್ರಿ ಕೈ ನಿಲ್ಲಿಸಿದ. ಬುಟ್ಟಿಯಲ್ಲಿ ಜೇಡಿಮಣ್ಣಿನ ಜೊತೆ ಏನೋ ಸಣ್ಣ ಸಣ್ಣ ಕಪ್ಪು ಉಂಗುರಗಳು ಮಿಂಚುತ್ತಿದ್ದವು. ತೊಳೆದು ನೋಡಿದರೆ ಗಾಜಿನ ಬಳೆ, ಬೊಂಬೆಗೂ ಚಿಕ್ಕದಾಗುವಂಥವು. ಹತ್ತಲ್ಲ, ನೂರಲ್ಲ, ಬಾಂಡ್ಲಿ ತುಂಬ.

ಅಮ್ಮ ಒಂದನ್ನು ಎತ್ತಿ ಕಿರುಬೆರಳಿನ ತುದಿಗೆ ಸಿಕ್ಕಿಸಿಕೊಂಡಳು. “ಬಳೆ ಬಿಚ್ಚೋಲೆ ಕಣೋ. ಗೌರಿಗೆ ಏರಿಸ್ತಿದ್ದದ್ದು.”

ವರ್ಷ ವರ್ಷವೂ ಗೌರಿ ಗಣೇಶರನ್ನು ಈ ಬಾವಿಯಲ್ಲೇ ಬಿಡುತ್ತಿದ್ದೆವು. ಮಣ್ಣು ಕರಗಿತು, ಬಣ್ಣ ಕರಗಿತು, ಬಿಚ್ಚೋಲೆಯ ಓಲೆ ಕೊಳೆಯಿತು. ಬಳೆ ಉಳಿಯಿತು. ಅಜ್ಜಿಯ ಗೌರಿಯರು, ಅಜ್ಜಿಯ ಅತ್ತೆಯ ಗೌರಿಯರು ಎಲ್ಲರೂ ಒಬ್ಬರ ಮೇಲೊಬ್ಬರು ಕೂತಿದ್ದ ಜಾಗ ಅದು. ಏಳು ಜನ ಅಂದಿದ್ದಳು ಅಜ್ಜಿ, ಲೆಕ್ಕ ತಪ್ಪಿದ್ದಳು.

ಇಪ್ಪತ್ತನಾಲ್ಕಡಿಗೆ ನೀರು ಸಿಕ್ಕಿತ್ತು. ಅದರ ಮುಂದೆ ಮೋಟಾರ್ ಇಟ್ಟು ಹೊರಗೆ ಬಿಡುತ್ತ ಹೂಳು ತೆಗೆಯಬೇಕು. ಎರಡನೇ ದಿನ ಮೋಟಾರ್ ಓಡುತ್ತಿದ್ದಾಗ ಮೂರು ಮನೆ ಆಚೆಯ ಮೂಲೆಮನೆ ಅಜ್ಜಿ ಕೋಲೂರಿಕೊಂಡು ಗೇಟಿಗೆ ಬಂದರು. “ನಮ್ಮ ಬಾವಿ ನೀರು ಗೇಣುದ್ದ ಇಳಿದಿದೆ. ಯಾರು ಕದೀತಿರೋದು?” ಅವರು ಬಾವಿ ಮುಚ್ಚಿಸಿದವರಲ್ಲ, ಈಗಲೂ ತುಳಸಿಗೆ, ಪಾತ್ರೆಗೆ ಅದೇ ನೀರು. ದಿನಾ ಬೆಳಗ್ಗೆ ಎಷ್ಟನೇ ವರಸೆಗೆ ನೀರಿದೆ ಎಂದು ನೋಡುವುದು ಅವರ ಪೇಪರ್ ಓದುವುದಕ್ಕೆ ಸಮ. ನಾನು, ನಮ್ಮ ಬಾವಿ ನೀರು ನಾವು ತೆಗೀತಿದ್ದೀವಿ ಅಜ್ಜಿ ಅಂದೆ. ಮೇಸ್ತ್ರಿ ಅವರ ಪರ ವಹಿಸಿದ. “ಅಮ್ಮಾರು ಹೇಳೋದು ಸರಿ ಸಾರ್. ಕೆಳಗೆ ಕಾಂಪೌಂಡ್ ಇರಲ್ಲ.”

ಅಜ್ಜಿ ಜಗಳ ಬಿಟ್ಟು ಕುರ್ಚಿ ಹಾಕಿಸಿಕೊಂಡು ಕೂತರು. ಮಧ್ಯಾಹ್ನ ಮೊಮ್ಮಗನ ಕೈಲಿ ತಮ್ಮ ಅಟ್ಟದಿಂದ ಒಂದು ವಸ್ತು ಕಳಿಸಿದರು: ಪಾತಾಳಗರಡಿ. ಈಗಿನ ಹುಡುಗರಿಗೆ ಹೇಳಬೇಕೇನೋ. ಕಬ್ಬಿಣದ ಬಳೆಯೊಂದಕ್ಕೆ ಸುತ್ತಲೂ ಕೊಕ್ಕೆಗಳು ನೇತಾಡುತ್ತವೆ. ಬಾವಿಗೆ ಬಿದ್ದ ಬಿಂದಿಗೆ, ಕೊಡ ಹುಡುಕಿ ಎತ್ತಲು. ಮೊದಲೆಲ್ಲ ಬೀದಿಗೆ ಒಂದೇ ಇರುತ್ತಿತ್ತು, ಕೇಳಲು ಬಂದವರ ಮನೆಯಲ್ಲಿ ಏನು ಬಿದ್ದಿದೆ ಅಂತ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹೂಳು ಕಲಕಿದ ಆ ನೀರಿಗೆ ಅದನ್ನು ಇಳಿಬಿಟ್ಟು ಗಿರ್ರನೆ ತಿರುಗಿಸಿದಾಗ ನಾಲ್ಕನೇ ಸಲಕ್ಕೆ ಏನೋ ಕಚ್ಚಿತು. ಹಿತ್ತಾಳೆ ಚೊಂಬು. ಕಂಠದ ಮೇಲೆ ನಮ್ಮ ಅಜ್ಜಿಯ ತವರಿನ ಹೆಸರಿನ ಮೊದಲ ಅಕ್ಷರ. ಈ ಚೊಂಬಿಗಾಗಿ ಐವತ್ತು ವರ್ಷದ ಹಿಂದೆ ಕೆಲಸದವಳೊಬ್ಬಳನ್ನು ಬಿಡಿಸಿದ್ದರಂತೆ. ಅಮ್ಮ ಅದನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತ ತುಂಬ ಹೊತ್ತು ಏನೂ ಮಾತಾಡಲಿಲ್ಲ.

ಕೊನೇ ದಿನ ನಾನೂ ಇಳಿಯುತ್ತೇನೆ ಅಂದೆ. ಮೇಸ್ತ್ರಿ ನನ್ನ ಹೊಟ್ಟೆ ನೋಡಿದ, ಹಗ್ಗ ನೋಡಿದ. “ನಿಧಾನಕ್ಕೆ ಸಾರ್” ಅಂದ. ತಲೆಗೆ ಸ್ಕೂಟರಿನ ಹೆಲ್ಮೆಟ್. ಕಟ್ಟಡದಿಂದ ಹೊರಚಾಚಿದ ಮೆಟ್ಟಿಲುಗಲ್ಲುಗಳು ಸುತ್ತಿಕೊಂಡು ಕೆಳಗೆ ಹೋಗುತ್ತವೆ, ಒಂದು ಪಾದ ಹಿಡಿಸುವಷ್ಟೇ ಅಗಲ. ಅಪ್ಪ ವರ್ಷಕ್ಕೊಮ್ಮೆ ಇದರಲ್ಲೇ ಇಳಿಯುತ್ತಿದ್ದರು.

ಹತ್ತನೇ ಕಲ್ಲಿಗೆ ಬೇಸಿಗೆ ಮುಗಿಯಿತು. ಮೈಮೇಲಿನ ಬೆವರು ತಣ್ಣಗಾಯಿತು. ಹದಿನೈದಕ್ಕೆ ಸಂಪಿಗೆ ರಸ್ತೆಯ ಹಾರ್ನು ನಿಂತಿತು. ಇಪ್ಪತ್ತರಲ್ಲಿ ನನ್ನ ಉಸಿರು ಮಾತ್ರ, ಅದೂ ಬೇರೆ ಯಾರದೋ ಅನ್ನುವ ಹಾಗೆ ಎಲ್ಲ ಕಡೆಯಿಂದಲೂ. ಕಲ್ಲಿನ ಸಂದಿಗಳಲ್ಲಿ ಪಕ್ಕದ ಮನೆಯ ತೆಂಗಿನ ಬೇರು ಬಿಳಿ ಶಾವಿಗೆಯ ಗೊಂಚಲಿನಂತೆ ಇಳಿಬಿದ್ದಿದ್ದವು. ಹಳೇ ನೀರಿನ ಗುರುತು ಗೋಡೆಯ ಮೇಲೆ ಗೆರೆಗೆರೆಯಾಗಿತ್ತು. ಕಟ್ಟಡ ಮುಗಿದ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು. ನೋಡಿದರೆ ಬಂಡೆ, ಹಿಸುಕಿದರೆ ಅವಲಕ್ಕಿ ಪುಡಿ. ಬಿಳಿ, ಕಪ್ಪು ಪಟ್ಟೆಗಳು ಇನ್ನೂ ಹಾಗೇ ಇವೆ. ಲಾಲ್‌ಬಾಗಿನ ಗುಡ್ಡದಲ್ಲಿ ಮುನ್ನೂರು ಕೋಟಿ ವರ್ಷದ್ದು ಅಂತ ಫಲಕ ಹಾಕಿದ್ದಾರಲ್ಲ, ಆ ಜಾತಿಯದೇ ಬಂಡೆ ಇದು, ಕೊಳೆತು ಜಾಳಾಗಿದೆ. ನೀರು ಇರುವುದು ಈ ಜಾಳಿನಲ್ಲಿ. ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾವಿರ ಅಡಿ ಬೋರು ಕೊರೆಸುವವರು ಹುಡುಕುವುದು ಆ ಬಿರುಕನ್ನು.

ತಳದಲ್ಲಿ ಮೇಸ್ತ್ರಿಯ ಮಗ ಮಂಡಿಯುದ್ದ ನೀರಲ್ಲಿ ನಿಂತಿದ್ದ. ತಲೆ ಎತ್ತಿದೆ. ಆಕಾಶ ಒಂದು ಊಟದ ತಟ್ಟೆಯಷ್ಟು, ಅದರ ಅಂಚಿನಲ್ಲಿ ಅಮ್ಮನ ತಲೆ ಕಡಲೆಕಾಳಷ್ಟು. ಹುಡುಗ ನನ್ನ ಕೈ ಹಿಡಿದು ಗೋಡೆಯ ಒಂದು ಜಾಗಕ್ಕೆ ಒತ್ತಿದ. “ಕಣ್ಣು ಸಾರ್. ನೋಡಿ.”

ಟಾರ್ಚಿನ ಬೆಳಕಲ್ಲಿ ನೋಡಿದೆ. ಬೆಂಕಿಕಡ್ಡಿಯಷ್ಟು ದಪ್ಪದ ತೂತು. ಅದರ ಬಾಯಲ್ಲಿ ಮರಳಿನ ಕಾಳುಗಳು ಏಳುತ್ತವೆ, ಉರುಳುತ್ತವೆ, ಬೀಳುವ ಮೊದಲೇ ಮತ್ತೆ ಏಳುತ್ತವೆ. ಹಾಲು ಉಕ್ಕುವ ಮುಂಚೆ ಅಂಚಿನಲ್ಲಿ ಆಗುತ್ತದಲ್ಲ, ಹಾಗೆ. ಸದ್ದೇ ಇಲ್ಲ. ಬೆರಳಿಟ್ಟರೆ ಒಳಗಿಂದ ತಳ್ಳುತ್ತದೆ, ಮಗುವಿನ ನಾಲಿಗೆ ತಳ್ಳಿದ ಹಾಗೆ. ಮೇಲೆ ಒಂದು ತಿಂಗಳಿಂದ ಮಳೆಯಿಲ್ಲ. ಇದು ಯಾವ ವರ್ಷದ ಮಳೆಯೋ, ಯಾರ ತಾರಸಿಯದೋ, ನಡೆದುಕೊಂಡು ಈಗ ಬಂದು ತಲುಪುತ್ತಿದೆ. ಯಾವ ಕಡೆಯಿಂದ ಅಂತ ಕೇಳಿದೆ. ಸ್ಯಾಂಕಿ ಕೆರೆ ದಿಕ್ಕಿಗೆ ಗದ್ದ ಎತ್ತಿ ತೋರಿಸಿದ. 1882ರಲ್ಲಿ ಕಟ್ಟಿದ ಕೆರೆಯ ನೀರು ಇಲ್ಲಿಗೆ ಬರುವುದುಂಟೇ ಅಂತ ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ಬೆರಳು ಅಲ್ಲೇ ಇತ್ತು.

ಎದುರು ಗೋಡೆಯಲ್ಲಿ ಇನ್ನೊಂದು ಪಸೆ. ಹುಡುಗ ಮೂಸಿ ಮುಖ ಕಿವುಚಿದ. “ಇದು ಮೋರಿ.” ಸಂದಿಯ ಒಳಚರಂಡಿ ಪೈಪು ಎಲ್ಲೋ ಒಡೆದಿತ್ತು. ಅಲ್ಲಿಗೆ ನನ್ನ ಪಾತಾಳಲೋಕದ ಮಾಯೆ ಅರ್ಧ ಇಳಿಯಿತು. ಎರಡು ಕಣ್ಣಿಗೂ ಐದಡಿ ಅಂತರ ಇರಲಿಲ್ಲ. ಆಮೇಲೆ ನೀರು ಪರೀಕ್ಷೆ ಮಾಡಿಸಿದಾಗ ನೈಟ್ರೇಟ್ ಲೀಟರಿಗೆ 68 ಮಿಲಿಗ್ರಾಂ ಬಂತು. ಕುಡಿಯೋ ನೀರಿಗೆ ಮಿತಿ 45. ಕೊಳಚೆ ಸೇರಿದ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕೂಡ ಇತ್ತು. ಪೈಪಿಗೆ ದೂರು ಕೊಟ್ಟು, ಮತ್ತೆ ಕೊಟ್ಟು, ರಿಪೇರಿಯಾಗಲು ಆಗಸ್ಟ್ ಆಯಿತು. ನೈಟ್ರೇಟು ಕುದಿಸಿದರೆ ಹೋಗುವುದಲ್ಲ, ಬ್ಲೀಚಿಂಗ್ ಪೌಡರಿಗೂ ಬಗ್ಗುವುದಿಲ್ಲ. ಹಾಗಾಗಿ ಬಾವಿ ನೀರು ಬಟ್ಟೆಗೆ, ಕಕ್ಕಸಿಗೆ, ಗಿಡಕ್ಕೆ. ಕುಡಿಯಲು ಕಾವೇರಿಯೇ.

ಒಟ್ಟು ಮೂವತ್ತೆಂಟು ಸಾವಿರ ಖರ್ಚಾಯಿತು. ತಾರಸಿಯ ಪೈಪಿಗೆ ಜಲ್ಲಿ, ಮರಳಿನ ಸೋಸುತೊಟ್ಟಿ ಕಟ್ಟಿಸಿ ಬಾವಿಗೆ ಬಿಟ್ಟದ್ದೂ ಸೇರಿ. ಬಾಯಿಗೆ ಕಬ್ಬಿಣದ ಜಾಲರಿ, ಬೀಗ. ಸೊಳ್ಳೆ ಮೊಟ್ಟೆಯಿಡದಂತೆ ಗಪ್ಪಿ ಮೀನು. ಹೋಗುವ ದಿನ ಮೇಸ್ತ್ರಿ ಅರಿಶಿನ ಕುಂಕುಮ ಕೇಳಿ ಇಸಿದುಕೊಂಡು ಕಟ್ಟೆಗೆ ಹಚ್ಚಿದ, ಕಾಯಿ ಒಡೆದ. ಚಟ್ನಿಯಾಗದೆ ಉಳಿದಿದ್ದ ಕಾಯಿ ಅದು.

ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಬಿತ್ತು. ಜೂನ್ ತಿಂಗಳಿನಲ್ಲಿ ಒಂದು ದಿನಕ್ಕೆ ಅಷ್ಟು ಬಿದ್ದದ್ದು ನೂರು ವರ್ಷಕ್ಕೂ ಮೇಲೆ ಇದೇ ಮೊದಲು ಅಂದರು. ನಮ್ಮ ತಾರಸಿ ಸಾವಿರ ಚದರಡಿ. ಲೆಕ್ಕ ಹಾಕಿದರೆ ಹತ್ತು ಸಾವಿರ ಲೀಟರ್ ಚಿಲ್ಲರೆ, ಒಂದೂವರೆ ಟ್ಯಾಂಕರು. ಕರೆಂಟು ಹೋಗಿತ್ತು. ಕತ್ತಲಲ್ಲಿ ಛತ್ರಿ ಹಿಡಿದುಕೊಂಡು ಅಷ್ಟೂ ನೀರು ಬಾವಿಗೆ ಧುಮುಕುವ ಸದ್ದನ್ನು ಮನೆಮಂದಿಯೆಲ್ಲ ನಿಂತು ಕೇಳಿದೆವು. ಬೆಳಗ್ಗೆ ಬಗ್ಗಿ ನೋಡಿದರೆ ಬಾವಿ ತುಂಬಿರುತ್ತದೆ ಅಂದುಕೊಂಡಿದ್ದೆ. ಬರೀ ನಾಲ್ಕಡಿ ಏರಿತ್ತು. ಉಳಿದದ್ದು ಎಲ್ಲಿ ಹೋಯಿತು ಅಂತ ನಾನು ಯೋಚಿಸುತ್ತಿರುವಾಗಲೇ ಮೂಲೆಮನೆ ಅಜ್ಜಿಯ ಮೊಮ್ಮಗ ಬಂದ. “ಅಂಕಲ್, ಅಜ್ಜಿ ಹೇಳಿ ಕಳಿಸಿದ್ರು. ನೀರು ಬಂತಂತೆ.”

ಮೆಷಿನ್ ಈಗ ಮೆಟ್ಟಿಲ ಕೆಳಗಿದೆ. ಎಷ್ಟು ಹಿಂಡಿದರೂ ‘ಗುಂ’ ಅನ್ನುವುದಿಲ್ಲ. ಅಮ್ಮನಿಗೆ ಮಧ್ಯಾಹ್ನ ಮಲಗಿದರೆ ಅದಿಲ್ಲದೆ ನಿದ್ದೆ ಹತ್ತುವುದಿಲ್ಲವಂತೆ. ಮೊನ್ನೆ ಉರಿಬಿಸಿಲು, ಹನ್ನೆರಡೂವರೆ ಇರಬೇಕು. ಆಫೀಸಿಗೆ ರಜ ಹಾಕಿದ್ದೆ, ಹಿತ್ತಲ ಬಾಗಿಲ ಹತ್ತಿರ ಹೋದೆ. ಎಂಬತ್ತೊಂದರ ಅಮ್ಮ ಜಾಲರಿ ಹಿಡಿದು ಬಗ್ಗಿಕೊಂಡು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಮೆಲ್ಲಗೆ ಕೇಳುತ್ತಿದ್ದಳು:

“ಇದ್ದೀರೇನ್ರೇ?”